ಸ್ತಾನ್ಕಾ ಅಜ್ಜಿಯ ಗಂಟೆ

ಮಾರ್ಚ್ ೧೪, ಶನಿವಾರ. ಸ್ತಾರಾ ಝಗೋರಾ.

ಅಂತರ್ಜಾಲದ ವಿಶ್ವಕೋಶಕ್ಕೆ ಬರೆಯುವುದನ್ನು ಈ ಸ್ತಾನ್ಕಾ ಅಜ್ಜಿಗೆ ಕಲಿಸುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗುತ್ತದೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ತನ್ನೂರಿನ ಬಗ್ಗೆ ಬರೆಯುತ್ತಿದ್ದಾಳೆ. ನೀರು ಬರುವ ಮೊದಲು ಅವಳಪ್ಪ ಇಗರ್ಜಿಯ ಗಂಟೆಯನ್ನು ಎತ್ತಿನ ಗಾಡಿಯಲ್ಲಿ ಗುಡ್ಡದ ಮೇಲಕ್ಕೆ ಸಾಗಿಸಿದನಂತೆ. ಆಧಾರವಿಲ್ಲವೆಂದು ನಾನು ಆ ಸಾಲು ಅಳಿಸುತ್ತೇನೆ, ಅವಳು ಮತ್ತೆ ಸೇರಿಸುತ್ತಾಳೆ.

"ನಾನೇ ಗಾಡಿ ಹಿಂದೆ ನಡೆದಿದ್ದೀನಿ ಕಣೇ! ಇನ್ನೇನು ಬೇಕು ನಿಂಗೆ?"

"ಅಚ್ಚಾಗಿರೋದು ಬೇಕು ಅಜ್ಜಿ, ಬಾಯಿಮಾತು ನಡೆಯಲ್ಲ" ಎಂದಿದ್ದೆ ಹೋದ ವಾರ.

ಇವತ್ತು ಒಂದು ಡಬ್ಬಿ ಚೀಸು ತುಂಬಿ ಸುಟ್ಟ ಬಾನಿತ್ಸಾ ತಿಂಡಿ, ಜೊತೆಗೆ ಊರ ಪತ್ರಿಕೆ ಹಿಡಿದು ಗ್ರಂಥಾಲಯಕ್ಕೆ ಬಂದಳು. ತಾನೇ ಹೋಗಿ ವರದಿಗಾರನಿಗೆ ಎಲ್ಲ ಹೇಳಿ ಅಚ್ಚು ಹಾಕಿಸಿದ್ದಾಳೆ! ಕನ್ನಡಕ ಮರೆತಿದ್ದಳು, ನಾನೇ ಓದಿದೆ. ಊರಿನೊಂದಿಗೆ ಗಂಟೆಯೂ ಮುಳುಗಿತು, ಅವಳಪ್ಪ ದಡದಲ್ಲಿ ನಿಂತು ಅತ್ತನೆಂದು ಅದರಲ್ಲಿತ್ತು.

"ಹಂಗಂತ ನಾನೆಲ್ಲಿ ಹೇಳ್ದೆ? ಸುಳ್ಳು ಕಣೇ ಅದು!"

ವಿಶ್ವಕೋಶದ ನಿಯಮದ ಪ್ರಕಾರ ಈಗ ಆ ಸುಳ್ಳಿಗೇ ಆಧಾರವಿದೆ. ಹಾಗೆಂದು ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿ ಎದ್ದಳು.

"ನಮ್ಮಪ್ಪ ಮೇಲೆ ತಂದ ಗಂಟೇನ ನೀನೂ ಆ ಪೇಪರಿನವನೂ ಸೇರಿ ನೀರಿಗೆ ತಳ್ಳಿಬಿಟ್ರಲ್ಲೇ."

ಹಾಳು ನಿಯಮ. ಸೋಮವಾರ ಆ ವರದಿಗಾರನನ್ನು ಹಿಡಿದು ತಿದ್ದುಪಡಿ ಅಚ್ಚು ಹಾಕಿಸಿಯೇ ಬರುತ್ತೇನೆ. ಅವನು ಒಪ್ಪದಿದ್ದರೆ ಅಜ್ಜಿಯನ್ನೇ ಕರೆದೊಯ್ದು ಅವನೆದುರು ಕೂರಿಸುತ್ತೇನೆ.