ಬೇಡದ ಹಾಡು

ಬ್ರೂಕ್‌ಫೀಲ್ಡ್
೧೯ ಫೆಬ್ರವರಿ ೨೦೧೧, ಶನಿವಾರ

ಪ್ರೀತಿಯ ಮಹಾದೇವಕ್ಕ,

ನಾವಿಬ್ಬರೂ ಆರಾಮ. ಫೋನಿಗೇನು ಧಾಡಿ, ಕಾಗದ ಯಾಕೆ ಬರೆದಳು ಅಂತ ಬಯ್ಯಬೇಡ. ಮೊಬೈಲ್ ಕಂಪನಿಯ ಕಸ್ಟಮರ್ ಕೇರಿನಲ್ಲಿ ದಿನವಿಡೀ ಫೋನಿನಲ್ಲೇ ಮಾತಾಡಿ ಸಾಕಾಗಿದೆ. ಮೇಲಾಗಿ ಇದನ್ನು ಬಾಯಿಬಿಟ್ಟು ಹೇಳಹೋದರೆ ಅಳು ಬರುತ್ತದೆ. ಪಕ್ಕದ ಮನೆಯ ರಾಮಮ್ಮ ನಾಳೆ ದಾಸರಹಳ್ಳಿಗೆ ಬರುತ್ತಾಳೆ, ಅವಳ ಕೈಲೇ ಕಳಿಸುತ್ತಿದ್ದೇನೆ.

ಅಕ್ಕ, ಅಪ್ಪ ನನ್ನ ಜೊತೆ ಮಾತಾಡುತ್ತಿದ್ದಾನೆ. ದಿನಾ ಮಾತಾಡುತ್ತಾನೆ.

ಆಣೆ ಮುರಿದಿಲ್ಲ ಬಿಡು. ನಾನು ಅವನ ಮಾತು ಮೀರಿ ಮದುವೆಯಾದ ದಿನ ಮನೆದೇವರ ಮೇಲೆ ಆಣೆ ಇಟ್ಟಿದ್ದನಲ್ಲ, ಇನ್ನು ಅವಳನ್ನು ಮಗಳೇ ಅನ್ನುವುದಿಲ್ಲ, ಅವಳ ಬಾಯಲ್ಲಿ ಅಪ್ಪ ಅನ್ನಿಸಿಕೊಳ್ಳುವುದಿಲ್ಲ ಅಂತ. ಅದಕ್ಕೇ ನಮ್ಮ ಆಫೀಸಿನ ನಂಬರಿಗೆ ಫೋನ್ ಹಚ್ಚುತ್ತಾನೆ. ಬೇರೆ ಹುಡುಗಿ ಎತ್ತಿದರೆ ಇಟ್ಟುಬಿಡುತ್ತಾನೆ, ಮತ್ತೆ ಹಚ್ಚುತ್ತಾನೆ. ಹೀಗೆ ಹಚ್ಚಿ ಹಚ್ಚಿ ಕೊನೆಗೆ ನನಗೆ ಸಿಗುತ್ತಾನೆ. 'ನಮಸ್ಕಾರ, ನಾನು ಮಹಾನಂದಾ' ಅನ್ನುತ್ತೇನೆ. ಎದುರಿನ ಪರದೆಯಲ್ಲಿ ಭೀಮಪ್ಪ, ಮಾದನಾಯಕನಹಳ್ಳಿ ಅಂತ ಬಂದಿರುತ್ತದೆ. 'ಮೇಡಂ, ನನಗ ಫೋನ್ ಮಾಡಿದೋರಿಗೆ ಯಾವ್ದೋ ಹಾಡು ಕೇಳಸ್ತೈತಂತ್ರಿ. ನನಗ ಬ್ಯಾಡ, ತಗದ ಬಿಡ್ರಿ' ಅನ್ನುತ್ತಾನೆ. ತೆಗೆಯುತ್ತೇನೆ. ಮರುದಿನದೊಳಗೆ ತಾನೇ ಹಾಕಿಸಿಕೊಂಡು, ಮತ್ತೆ ತೆಗೆಸಲು ಬರುತ್ತಾನೆ. 'ಕೇಳಸವಲ್ದ್ರಿ, ಇನ್ನೊಮ್ಮೆ ಹೇಳ್ರಿ' ಅಂತ ಹೇಳಿದ್ದನ್ನೇ ಹೇಳಿಸುತ್ತಾನೆ. ಗೋಡೌನಿನ ಗೇಟು ಕಾಯುತ್ತ, ಲಾರಿ ಹಾರ್ನಿನ ನಡುವೆಯೂ ಪಿಸುಮಾತು ಹಿಡಿಯುವ ಕಿವಿ ಅದು, ನಮಗೆ ಗೊತ್ತಿಲ್ಲವೇ.

'ಇನ್ನೇನಾದರೂ ಸಹಾಯ ಬೇಕಿತ್ತಾ ಸಾರ್' ಅಂತ ಕೊನೆಗೆ ಕೇಳುವುದು ನಮಗೆ ಕಡ್ಡಾಯ. ಅದಕ್ಕೆ 'ಏನಿಲ್ರಿ. ಊಟ ಆತೇನ್ರಿ ಮೇಡಂ' ಅನ್ನುತ್ತಾನೆ. ಅವ್ವ ಹೋದ ಮೇಲೆ ಅವನನ್ನು ಉಂಡೆಯಾ ಅಂತ ಕೇಳುವವರು ಯಾರಿದ್ದಾರೆ? ನೀನು ಕರೆದರೆ ಅಳಿಯನ ಮನೆ ಅನ್ನುತ್ತಾನೆ.

ನಿನ್ನೆ ನಮಗೆಲ್ಲ ಒಂದು ಕ್ಲಾಸು ಇತ್ತು. ಬಸು ಸಾರ್ ಅಂತ ನಮ್ಮ ಟೀಮ್ ಲೀಡರ್. ಗ್ರಾಹಕ ಕೇಳುವುದು ಒಂದು, ಅವನಿಗೆ ಬೇಕಾಗಿರುವುದು ಇನ್ನೊಂದು, ದೂರಿನ ಹಿಂದೆ ಮನುಷ್ಯನ ಯಾವುದೋ ಹಸಿವು ಇರುತ್ತದೆ, ಅದನ್ನು ಗುರುತಿಸಿ ಅಂದರು. ಹಾಗಂದು ಒಂದು ರೆಕಾರ್ಡಿಂಗ್ ಹಾಕಿದರು. ಅಪ್ಪನ ದನಿ, ಅಕ್ಕ. ಎಲ್ಲರೂ ನಕ್ಕರು. 'ಟೈಮ್‌ಪಾಸ್ ಗುರು' ಅಂದ ಒಬ್ಬ. ಇನ್ನೊಬ್ಬ 'ಹುಡುಗಿ ವಾಯ್ಸಿಗೆ ಬಿದ್ದಿದಾನೆ ಮಗಾ, ಮುದುಕ' ಅಂದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಸು ಸಾರ್ ನನ್ನ ಕಡೆ ತಿರುಗಿ, ನೀವೇ ಹೇಳಿ, ಇವರಿಗೆ ಏನು ಬೇಕು ಅಂತ ಕೇಳಿದರು. ಗೊತ್ತಿಲ್ಲ ಸಾರ್ ಅಂದೆ. ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ದಿನಾ ಸುಮ್ಮಸುಮ್ಮನೆ ಹಚ್ಚುವವನು ಅಂತ ಸೋಮವಾರದಿಂದ ಆ ನಂಬರ್ ಬ್ಲಾಕ್ ಮಾಡುತ್ತಾರಂತೆ. ಅವನು ಎಷ್ಟು ಹಚ್ಚಿದರೂ ನಮಗೆ ಬರುವುದಿಲ್ಲ.

ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನಮ್ಮಪ್ಪ ಅಂದರೆ, ಮನೆಯವರ ಜೊತೆ ಹರಟಿದಳು ಅಂತ ಕೆಲಸ ಹೋಗುತ್ತದೆ. ಕೆಲಸ ಹಾಳಾಗಲಿ ಅಂತ ಒಂದೇ ಒಂದು ಸಲ ಅಪ್ಪಾ ಅಂದುಬಿಟ್ಟರೆ, ಆಣೆಗೆ ಹೆದರಿ ಅವನೇ ಶಾಶ್ವತವಾಗಿ ಇಟ್ಟುಬಿಡುತ್ತಾನೆ. ನನಗೆಲ್ಲ ಗೊತ್ತಾಗಿದೆ ಅಂತ ನೀನು ಹೋಗಿ ಹೇಳಿದರೆ ನಾಚಿಕೆಯಿಂದ ಸತ್ತೇಹೋಗುತ್ತಾನೆ.

ಇವತ್ತು ಮಧ್ಯಾಹ್ನ ಸಿಕ್ಕಿದ್ದ. ಹಾಡು ತೆಗೆದೆ. ಊಟ ಆತೇನ್ರಿ ಅಂದ. ಆಯ್ತು ಸಾರ್, ನಿಮ್ಮದು ಅಂದೆ. ಹಾಗೆ ಕೇಳುವಂತಿಲ್ಲ ನಾವು. ಅದನ್ನೂ ಎರಡು ಸಲ ಹೇಳಿಸಿ 'ಆತ್ರಿ' ಅಂದ. ಆಮೇಲೆ 'ನಾಳೆ ಸೂಟಿ ಅಲ್ಲೇನ್ರಿ ನಿಮಗ? ಸೋಮವಾರ ಇರ್ತೀರಿಲ್ರಿ?' ಅಂತ ಕೇಳಿದ.

ಇರ್ತೀನಿ ಸಾರ್ ಅಂದೆ.

ಅಕ್ಕ, ಸೋಮವಾರ ಸಂಜೆ ಹೇಗಾದರೂ ಮಾಡಿ ಅವನ ಹತ್ತಿರ ಹೋಗಿರು. ನಾಲ್ಕು ರೊಟ್ಟಿ ಬಡಿದುಕೊಂಡು ಹೋಗು. ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕುಳಿತಿದ್ದರೆ ಏನಾಯಿತು ಅಂತ ಮಾತ್ರ ಕೇಳಬೇಡ.

ನಿನ್ನ ತಂಗಿ,
ನಂದಾ

ತಾ.ಕ.: ಕಾಗದ ಮಡಿಚುವಾಗ ತಡೆಯಲಾಗದೆ ನನ್ನ ಮೊಬೈಲಿನಿಂದ ಅಪ್ಪನಿಗೆ ಹಚ್ಚಿದೆ. ನನ್ನ ನಂಬರ್ ಅವನು ಯಾವತ್ತೂ ಎತ್ತುವುದಿಲ್ಲ, ಇವತ್ತೂ ಎತ್ತಲಿಲ್ಲ. ಆದರೆ ಮಧ್ಯಾಹ್ನ ನಾನೇ ತೆಗೆದಿದ್ದ ಹಾಡು ಕೇಳಿಸಿತು. ಸೋಮವಾರ ತೆಗೆಸುವುದಕ್ಕೆ ಅಂತ ಆಗಲೇ ಹಾಕಿಸಿಕೊಂಡು ಕೂತಿದ್ದಾನೆ.