ಎಡಗೈಗೆ ಒಗ್ಗಿದ ಕಾರ್ಬೈನ್

ಸಾಮನ್, ಐಡಾಹೊ
ಸೆಪ್ಟೆಂಬರ್ 18, 2023, ಸೋಮವಾರ

ನನ್ನ ಮುದ್ದು ಜೋಲೀನ್,

ಹೇಗಿದ್ದೀಯ? ಹಡಗಿನ ಕಡಿದಾದ ಏಣಿಗಳನ್ನು ಹತ್ತಿ ಇಳಿದು ಮಂಡಿ ಊದಿದೆ ಎಂದು ಬರೆದಿದ್ದೆಯಲ್ಲ, ಈಗ ಊತ ಇಳಿದಿದೆಯೇ? ಪಾಳಿ ಮುಗಿಸಿ ಬಂದವಳು ಹಾಗೇ ಮಲಗಿಬಿಡಬೇಡ, ಒಂದು ತುತ್ತಾದರೂ ತಿಂದು ಮಲಗು. ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಗಾಬರಿಯಾಗಬೇಡ, ಇದು ಎಡಗೈ ಬರಹ. ಮಾರ್ಚ್‌ನಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಇನ್ನೂ ಅರ್ಧ ನಿದ್ದೆಯಲ್ಲೇ ಇದೆ. ಮೇ ತಿಂಗಳಲ್ಲಿ ನನ್ನ ಹೆಸರು ಬರೆಯುವಷ್ಟರಲ್ಲೇ ಬೆವರು ಇಳಿಯುತ್ತಿತ್ತು. ಈಗ ಪುಟಗಟ್ಟಲೆ ಬರೆಯುವಷ್ಟು ಸುದ್ದಿಯೂ ಇದೆ, ಹುಮ್ಮಸ್ಸೂ ಇದೆ.

ಸುದ್ದಿಯೆಲ್ಲ ನಿನ್ನ ಗಂಡನದೇ. ನನ್ನನ್ನು ನೋಡಿಕೊಳ್ಳಲು ಡೆಸ್ಮಂಡ್ ಬಾಯ್ಸಿಯಿಂದ ಪೆಟ್ಟಿಗೆ ಕಟ್ಟಿಕೊಂಡು ಬಂದಾಗ ನನಗೇನೂ ಖುಷಿಯಾಗಿರಲಿಲ್ಲ, ಅದು ನಿನಗೂ ಗೊತ್ತು. ಶಾಲೆಯ ಬ್ಯಾಂಡಿನ ಕ್ಲಾರಿನೆಟ್ಟು, ಸ್ಯಾಕ್ಸೋಫೋನು ರಿಪೇರಿ ಮಾಡುವ ಮನುಷ್ಯ. ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡುತ್ತಾನೆ. ನಿಮ್ಮ ಮದುವೆಯಾಗಿ ಎರಡು ವರ್ಷವಾದರೂ ಬಾಯಿ ಬಿಟ್ಟರೆ ‘ಮೇಡಂ’. ಅಡುಗೆಮನೆಯಲ್ಲಿ ಎದುರಾದರೆ ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದ. ನಾನೂ ಮಾತಾಡಿಸುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ತಿಂಗಳೂ ಕ್ಲಬ್ಬಿನ ಸ್ಪರ್ಧೆಗೆ ಹೋಗಿ ಗುರಿ ಹೊಡೆದವಳಿಗೆ ಪಿಸ್ತೂಲು ಎತ್ತಲು ಬಾರದಂತಾದಾಗ ಯಾರ ಮುಖವೂ ಬೇಡವಾಗಿತ್ತು. ಜೂನ್‌ನಲ್ಲಿ ಒಂದು ಬೆಳಗ್ಗೆ, ‘ಆ ಪಿಸ್ತೂಲುಗಳನ್ನೆಲ್ಲ ಯಾರಿಗಾದರೂ ಮಾರಿಬಿಡು’ ಎಂದೆ. ಅವನು ‘ಆಯ್ತು ಮೇಡಂ’ ಎಂದು ಹೊರಟವನು ಸೀದಾ ಹೋಬಾರ್ಟನ ಮನೆಗೆ ಹೋಗಿದ್ದಾನೆ. ಇಷ್ಟು ವರ್ಷವೂ ಸ್ಪರ್ಧೆಯಲ್ಲಿ ನನ್ನೆದುರು ಸೋತು, ಗೆದ್ದವನು ತಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಅದೇ ಹೋಬಾರ್ಟ್.

‘ಪಿಸ್ತೂಲ್ ಆಗಲ್ಲ ಅಂದ್ರೆ ಕಾರ್ಬೈನ್ ಹಿಡೀಲಿ ಬಿಡಯ್ಯ. ಗುಂಡು ಅದೇ ಪಿಸ್ತೂಲಿಂದು, ಭುಜಕ್ಕೆ ಆನಿಸ್ಕೊಂಡು ಹೊಡೆಯೋದು. ಅರ್ಧ ಭಾರ ಭುಜಾನೇ ಹೊರುತ್ತೆ. ಆದ್ರೆ ಇದು ಬಲಗೈಯವರಿಗೆ ಮಾಡಿದ್ದು, ಪೂರ್ತಿ ಎಡಕ್ಕೆ ತಿರುಗಿಸ್ಬೇಕು,’ ಎಂದು ಹೇಳಿ, ತನ್ನ ಕಪಾಟಿನಲ್ಲಿ ಸುಮ್ಮನೆ ನಿಂತಿದ್ದ ಕಾರ್ಬೈನನ್ನು ಹೋಬಾರ್ಟ್ ಇವನ ಕೈಗೆ ಕೊಟ್ಟು ಕಳಿಸಿದ. ಡೆಸ್ಮಂಡ್ ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ. ಮಲಗಿದ ಮಗುವನ್ನು ಎತ್ತಿ ತರುವ ಹಾಗೆ ತಂದು ಮೇಜಿನ ಮೇಲಿಟ್ಟು, ‘ನೀವು ಹೇಳ್ಕೊಡಿ ಮೇಡಂ, ನಾನು ಬಿಚ್ತೀನಿ’ ಎಂದ. ಮೊದಲು ಖಾಲಿಯಿದೆಯೇ ಎಂದು ನೋಡುವುದನ್ನು ಕಲಿಸಿದೆ. ಒಂದು ಸಲ ನೋಡಿದ, ಮತ್ತೊಂದು ಸಲ ನೋಡಿದ, ಮೂರನೆಯ ಸಲ ಕಿರುಬೆರಳು ಹಾಕಿ ತಡವಿಯೂ ನೋಡಿದ. ಆಗಲೇ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಆಮೇಲೆ ಅಂಚೆಯವಳಿಗೆ ನಮ್ಮ ಮನೆಯದೇ ಕೆಲಸ. ಗುಂಡು ಹಾರದಂತೆ ತಡೆಯುವ, ಎರಡು ಕಡೆಯಿಂದಲೂ ತಿರುಗಿಸಬಹುದಾದ ಸೇಫ್ಟಿ ಬಂತು. ಎಡಗೈ ಬೆರಳಿಗೆ ಸಿಗುವಂಥ ದೊಡ್ಡ ಗುಂಡಿ ಬಂತು, ಅದನ್ನು ಒತ್ತಿದರೆ ಗುಂಡು ತುಂಬುವ ಮ್ಯಾಗಜೀನ್ ತಾನಾಗಿ ಜಾರಿ ಬೀಳುತ್ತದೆ. ನನ್ನ ಗಿಡ್ಡ ಕೈಗೆ ತಕ್ಕಂತೆ ಉದ್ದ ಕಡಿಮೆ ಮಾಡಬಹುದಾದ, ಭುಜಕ್ಕೆ ಆನಿಸುವ ಬಟ್ಟು, ಮುಂಭಾಗದ ಭಾರ ಇಳಿಸುವ ತೆಳು ಕವಚ, ಗುರಿ ಹಿಡಿಯಲು ಕಣ್ಣಿಗೆ ಕೆಂಪು ಚುಕ್ಕಿ ತೋರಿಸುವ ಸೈಟು, ಒಂದೊಂದೇ ಬಂದವು. ಸ್ಯಾಕ್ಸೋಫೋನಿನ ಸ್ಪ್ರಿಂಗು ಎಳೆಯುವ ಕೊಕ್ಕೆಯಿಂದಲೇ ಅವನು ಸೇಫ್ಟಿಯ ಸ್ಪ್ರಿಂಗನ್ನೂ ಕೂರಿಸಿದ. ಒಂದು ಸ್ಪ್ರಿಂಗು ಹಾರಿ ನನ್ನ ಜೋಳದ ಸೂಪಿಗೆ ಬಿತ್ತು. ಸೋಸಿ ತೆಗೆದೆವು, ಸೂಪನ್ನೂ ಕುಡಿದೆವು. ಮುಂಭಾಗದಲ್ಲಿ ಬಲಗೈ ಆನಿಸಲು ತರಿಸಿದ ಆಸರೆಯ ಅಂಚು ಚೂಪಾಗಿತ್ತು. ಅದಕ್ಕೆ ಕ್ಲಾರಿನೆಟ್ಟಿಗೆ ಹಾಕುವ ಕಾರ್ಕ್ ಅಂಟಿಸಿ, ನನ್ನ ಅಂಗೈ ಅಳತೆಗೆ ಮೂರು ದಿನ ಉಜ್ಜಿದ. ಉಜ್ಜುವಾಗ ಗುನುಗುತ್ತಾನೆ, ಗೊತ್ತೇ? ಎರಡು ವರ್ಷದಲ್ಲಿ ಅವನ ಹಾಡಿನ ದನಿ ನಾನು ಕೇಳಿದ್ದು ಅದೇ ಮೊದಲು.

ದಿನಾ ಮಧ್ಯಾಹ್ನ ಖಾಲಿ ಕಾರ್ಬೈನಿನಲ್ಲಿ ಅಭ್ಯಾಸ ಶುರುವಾಯಿತು. ಒಂದು ದಿನ ಸುಸ್ತಾಗಿ ಕೆಳಗಿಳಿಸುವಾಗ ಬೆರಳನ್ನು ಟ್ರಿಗರ್ ಮೇಲೆ ಹಾಗೇ ಬಿಟ್ಟಿದ್ದೆ. ‘ಆರ್ಡಿಸ್, ಬೆರಳು ಆಚೆ ತೆಗಿ’ ಎಂದು ಗದರಿಸಿದ ನೋಡು, ಒಲೆಯ ಪಕ್ಕದಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ಮರುಗಳಿಗೆ ಮುಖ ಕೆಂಪಾಗಿ, ‘ತಪ್ಪಾಯ್ತು ಮೇಡಂ’ ಎಂದು ತೊದಲತೊಡಗಿದ. ‘ತಪ್ಪು ನಂದು ಕಣಪ್ಪ. ಇಪ್ಪತ್ತೆರಡು ವರ್ಷದಿಂದ ನಾನೇ ಊರಿಗೆಲ್ಲ ಹೇಳ್ತಿದ್ದ ಮಾತದು. ಇನ್ನು ಮೇಲೆ ಮೇಡಂ ಅಂದ್ರೆ ಊಟ ಇಲ್ಲ,’ ಎಂದೆ. ಅವತ್ತು ಇಬ್ಬರೂ ನಕ್ಕ ನಗೆಗೆ ನನ್ನ ಪಕ್ಕೆ ನೋವು ಬಂತು.

ಆಗಸ್ಟ್‌ನಲ್ಲಿ ಮೈದಾನಕ್ಕೆ ಹೋಗಿ ನಿಜವಾಗಿ ಗುಂಡು ಹಾರಿಸಿದೆವು. ಹತ್ತು ಹೊಡೆದ ಮೇಲೆ ಡೆಸ್ಮಂಡ್ ನಿಲ್ಲಿಸಿ, ಕಾರ್ಬೈನ್ ಕೆಳಗಿಡಿಸಿ, ನನ್ನ ಬಲತೋಳನ್ನು ತಿರುಗಿಸಿ ನೋಡಿದ. ಎರಡು ಕೆಂಪು ಬರೆ. ಗುಂಡು ಹಾರಿದ ಮೇಲೆ ಬಲಗಡೆಗೆ ಚಿಮ್ಮುವ ಬಿಸಿ ಖಾಲಿ ತೋಟಾಗಳು ತೋಳಿಗೆ ತಗುಲಿ ಸುಟ್ಟಿದ್ದವು, ನನಗೆ ತಿಳಿದೇ ಇರಲಿಲ್ಲ. ಜೋಲೀನ್, ಆ ತೋಳಿಗೆ ಸ್ಪರ್ಶವಿಲ್ಲ ಎಂದು ನಾನು ವೈದ್ಯರಿಗೂ ಪೂರ್ತಿ ಹೇಳಿರಲಿಲ್ಲ. ನಾನು ಗುರಿ ನೋಡುತ್ತಿದ್ದರೆ ಅವನು ನನ್ನ ತೋಳು ನೋಡುತ್ತಿದ್ದ. ಕಾರಿನಲ್ಲಿ ಕೂತು ಸ್ವಲ್ಪ ಅತ್ತೆ. ಅವನು ಮುಲಾಮು ಹಚ್ಚಿದ. ಮರುವಾರ ತೋಟಾಗಳನ್ನು ಮುಂದಕ್ಕೆ ತಳ್ಳುವ ಪುಟ್ಟ ತಗಡು ಅಂಚೆಯಲ್ಲಿ ಬಂತು. ವೈದ್ಯರ ಹತ್ತಿರವೂ ಹೋಗಿ ಎಲ್ಲ ಹೇಳಿ ಬಂದೆ.

ಮೊನ್ನೆ ಶನಿವಾರ ಸ್ಪರ್ಧೆ. ಹೋಬಾರ್ಟ್ ನನ್ನ ಕಾರ್ಬೈನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಏನೇ ಇದು ಆರ್ಡಿಸ್, ನಾನು ಕೊಟ್ಟಿದ್ರಲ್ಲಿ ಸ್ಕ್ರೂ ಒಂದಾದ್ರೂ ಉಳಿದಿದ್ಯಾ? ಇದನ್ನ ಊದಿದ್ರೆ ಹಾಡೂ ಬರುತ್ತೇನೋ’ ಎಂದ. ‘ನಿನ್ನ ಸರದಿಗೆ ಶೋಕಗೀತೆ ಊದ್ತೀನಿ, ತಡಿ’ ಎಂದೆ. ಮೊದಲ ಎರಡು ಸುತ್ತು ಹಾಳಾದವು, ಕಾಲು ಎಡವಿತು, ಮ್ಯಾಗಜೀನ್ ಕೈತಪ್ಪಿತು. ಮೂರನೆಯದು ನಿಂತಲ್ಲೇ ಆರು ಉಕ್ಕಿನ ತಟ್ಟೆ ಉರುಳಿಸುವುದು. ಟಣ್, ಟಣ್ ಎಂದು ಒಂದಾದ ಮೇಲೊಂದು ಬಿದ್ದವು. ಆರಕ್ಕೆ ಆರು, ಒಂದೂ ತಪ್ಪಲಿಲ್ಲ. ಕಾರ್ಬೈನ್ ಖಾಲಿ ಮಾಡಿ ತೋರಿಸಿ ಹಿಂತಿರುಗಿದರೆ ಹೋಬಾರ್ಟ್ ಟೋಪಿ ತೆಗೆದು ನಿಂತಿದ್ದ, ಡೆಸ್ಮಂಡ್ ಕಿವಿಯ ರಕ್ಷೆ ತೆಗೆಯುವುದನ್ನೂ ಮರೆತು ಚಪ್ಪಾಳೆ ತಟ್ಟುತ್ತಿದ್ದ. ಒಟ್ಟಾರೆ ಮೂವತ್ತನಾಲ್ಕು ಜನರಲ್ಲಿ ಮೂವತ್ತೊಂದನೆಯವಳು ನಾನು. ನನ್ನ ಹಿಂದೆ ಮೂವರಿದ್ದರು ಕಣೇ, ಮೂವರಿಗೂ ಎರಡೂ ಕೈ ಸರಿಯಾಗೇ ಇದ್ದವು.

ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ಸಮುದ್ರ ನಿನ್ನನ್ನು ಮೆಲ್ಲಗೆ ತೂಗಲಿ, ದೇವರು ಕಾಯಲಿ.

ನಿನ್ನ ಅಮ್ಮ,
ಆರ್ಡಿಸ್

ಮರೆತಿದ್ದೆ: ಅಂಚೆಯವಳು ಗೇಟಿನಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಡಿಸೆಂಬರಿನಲ್ಲಿ ನೌಕಾಪಡೆ ಬಿಟ್ಟು ಬಂದು ನನ್ನನ್ನು ನೋಡಿಕೊಳ್ಳುತ್ತೇನೆ ಎಂದು ಡೆಸ್ಮಂಡನಿಗೆ ಬರೆದೆಯಂತೆ. ಅವನು ಮುಚ್ಚಿಡಲಾರದೆ ನಿನ್ನೆ ಓದಿ ಹೇಳಿದ. ಆ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಬೇಡ. ಹದಿನೇಳನೆಯ ವಯಸ್ಸಿನಿಂದ ನೀನು ಆಸೆಪಟ್ಟ ಕೆಲಸ ಅದು. ಗಂಡನ ಮೇಲಿನ ಆಸೆಗೆ ಬರುವುದಾದರೆ ಬಾ, ಅದು ನಿಮ್ಮಿಬ್ಬರ ವಿಚಾರ. ನನ್ನ ನೆಪ ಹೇಳಿಕೊಂಡು ಬಂದರೆ ಮಾತ್ರ ಬಾಗಿಲು ತೆಗೆಯುವುದಿಲ್ಲ.