ಬುಕ್ಕಸಾಗರದಿಂದ ಕಂಪ್ಲಿಗೆ, ಅವ್ವನ ಜೊತೆ

ಕಂಪ್ಲಿ
ಮಾರ್ಚ್ ೯, ಭಾನುವಾರ

ಪ್ರೀತಿಯ ರೇವಣಸಿದ್ದ ಅವರಿಗೆ,

ಗಂಗಾಳ ನಮಸ್ಕಾರ. ನಾನೂ ನಿಮ್ಮ ಅವ್ವನೂ ಆರಾಮ ಇದ್ದೇವೆ. ಬಿಸಿಲು ಏರಿದ ಮೇಲೆ ಅವ್ವನ ಮೊಣಕಾಲು ನೋವು ಇಳಿದಿದೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಇಲ್ಲೂ "ಆರಾಮ" ಅಂತಲೇ ಹೇಳಿಬಿಡುತ್ತೀರಿ. ಫೋನಿನಲ್ಲಿ ನಮ್ಮ ಮಾತು "ಊಟ ಆಯ್ತಾ", "ಶಿಫ್ಟ್ ಯಾವುದು" ಎಂಬಲ್ಲಿಗೆ ಬಂದು ನಿಂತು ಬಹಳ ದಿನವಾಯಿತು. ಅದಕ್ಕೇ ಈ ಕಾಗದ.

ದೋಣಿಯ ವಿಷಯ ಮೊದಲು ಹೇಳುತ್ತೇನೆ. ಹೊಸಪೇಟೆಯ ರೆಸಾರ್ಟಿನವರು ಕೇಳಿದ್ದಾರೆ, ಬಂದರೆ ಕೊಟ್ಟುಬಿಡು ಎಂದು ನೀವು ಹೇಳಿದಾಗ ನಾನು ಹೂಂ ಎಂದಿದ್ದೆ. ನೀವು ತೋರಣಗಲ್ಲಿನ ಕಾರ್ಖಾನೆಯ ಹತ್ತಿರ ರೂಮು ಮಾಡಿಕೊಂಡು ಹೋಗುವ ಮೊದಲಿನಿಂದಲೂ ಅದು ಹಿತ್ತಲಿನ ತಗಡಿನ ಚಪ್ಪರದಡಿ ಮಗುಚಿಕೊಂಡೇ ಬಿದ್ದಿತ್ತು. ಬೆನ್ನು ಸಪಾಟಾಗಿದೆಯೆಂದು ಅವ್ವ ಅದರ ಮೇಲೆ ಸಂಡಿಗೆ ಒಣಹಾಕುತ್ತಿದ್ದರು. ಅಂದು ನಾನು ಫೋನ್ ಇಡುತ್ತಿದ್ದ ಹಾಗೆ ಸಂಡಿಗೆ ತಿರುವುತ್ತಲೇ ಕೇಳಿದರು: "ಮಾರೂಕಿಂತ ಮುಂಚೆ ನನ್ನ ಒಂದ್ಸಲ ಇದರಾಗ ಕುಂದ್ರಿಸಿಕೊಂಡು ಹೋಗ್ತಿ ಏನು? ವರ್ಷಾ ವರ್ಷಾ ಇಷ್ಟು ದೊಡ್ಡ ಮನಿ ಬಿಟ್ಟು ಇಬ್ರೂ ಹೊಳ್ಯಾಗಿನ ಕಲ್ಲಿನ ಮ್ಯಾಲ ಮಲಗಾಕ ಹೋಗ್ತಿದ್ರಿ. ಅಂಥಾದ್ದೇನೈತಿ ಅಲ್ಲಿ, ನಾನೂ ನೋಡ್ತೀನಿ."

ನಗೆಯಾಡುತ್ತಿದ್ದಾರೆ ಅಂದುಕೊಂಡೆ. ಮರುದಿನ ನೋಡಿದರೆ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆ ತೆಗೆದು, ಒದ್ದೆಯಾದರೂ ಚಿಂತೆಯಿಲ್ಲ ಅಂತ ಪಕ್ಕಕ್ಕಿಟ್ಟಿದ್ದರು.

ನಿಮಗೆ ಹೇಳದೆ ಹೋದೆವು, ಹೌದು. ಹೇಳಿದ್ದರೆ ಬಿಡುತ್ತಿರಲಿಲ್ಲ. ಅಲ್ಲಿ ನೀರುನಾಯಿಗಳಿಗೆ ರಕ್ಷಣೆ ಇದೆಯಲ್ಲ, ಅವುಗಳನ್ನು ಎಣಿಸುವವರ ಪಟ್ಟಿಯಲ್ಲಿ ಹೆಸರು ಕೊಟ್ಟು ಅರಣ್ಯ ಇಲಾಖೆಯ ಅನುಮತಿ ತಂದೆ. ಶಿವರಾತ್ರಿ ಮುಗಿದ ಶನಿವಾರ ತೆಪ್ಪದ ದುರುಗಣ್ಣ ತನ್ನ ಟ್ರ್ಯಾಕ್ಟರಿನಲ್ಲಿ ದೋಣಿ ಹೇರಿಕೊಂಡು ಬುಕ್ಕಸಾಗರದವರೆಗೆ ಬಂದ. ಅವ್ವ ನೀರಿನಲ್ಲಿ ಕಾಲಿಟ್ಟು, ಹೊಳೆಗೆ ಅರಿಸಿನ ಕುಂಕುಮ ಹಾಕಿ, ಆಮೇಲೆ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಹುಟ್ಟು ಹಿಡಿದವಳು ನಾನು. ಮೊದಲ ಒಂದು ತಾಸು ಅವ್ವ ಆ ಕೈ ಬಿಡಲೇ ಇಲ್ಲ. ಮೂಗಿನ ಮೇಲೆ ಬೆವರಿತ್ತು. ದಡದ ಬಾಳೆತೋಟ, ಪಂಪ್‌ಸೆಟ್ಟಿನ ಸದ್ದು ಹಿಂದೆ ಬಿದ್ದು, ಎರಡೂ ಕಡೆ ಬಂಡೆಗಳು ಎದ್ದು ನಿಂತವು. ನೀರು ಸುಮ್ಮನಾಯಿತು. ಆಗ ನಿಧಾನಕ್ಕೆ ಬಲಗೈ ಬಿಟ್ಟು ನೀರಿನಲ್ಲಿ ಅದ್ದಿದರು.

"ಐವತ್ತು ವರ್ಷದಿಂದ ಇದರ ನೀರು ಕುಡೀತೀನಿ. ನಡುನೀರಾಗ ಹಿಂಗೈತಿ ಅಂತ ಗೊತ್ತಿರಲಿಲ್ಲ ನೋಡು" ಎಂದರು.

ನೀರುನಾಯಿಗಳು ಸಿಕ್ಕಿದ್ದು ಜೊಂಡು ದಟ್ಟವಾಗಿರುವ ಆ ತಿರುವಿನಲ್ಲೇ. ಮದುವೆಯಾದ ವರ್ಷ ನೀವು ನನ್ನ ಬಾಯಿಗೆ ಕೈ ಅಡ್ಡ ಹಿಡಿದು ತೋರಿಸಿದ್ದಿರಲ್ಲ, ಅದೇ ಜಾಗ. ಮೊದಲು ಬಂಡೆಯ ಮೇಲಿನ ಹಿಕ್ಕೆಯ ವಾಸನೆ ಬಂತು. ಮೀನಿನ ಓಣಿಗೆ ಕಾಲಿಡದ ಅವ್ವ ಮೂಗಿಗೆ ಸೆರಗು ಹಿಡಿದರು. ಅಷ್ಟರಲ್ಲಿ ಒಂದು ತಲೆ ಎದ್ದಿತು, ಅದರ ಹಿಂದೆ ಇನ್ನೆರಡು, ಆಮೇಲೆ ಮರಿಗಳು. ದೊಡ್ಡದೊಂದು ಅಂಗಾತ ತೇಲುತ್ತ, ಮೀನನ್ನು ಎರಡೂ ಕೈಯಲ್ಲಿ ಹಿಡಿದು ಕಟಕಟ ಕಡಿಯತೊಡಗಿತು. ಅವ್ವನ ಸೆರಗು ಮೂಗಿನಿಂದ ಯಾವಾಗ ಜಾರಿತೋ ಅವರಿಗೇ ಗೊತ್ತಿಲ್ಲ. "ಎಷ್ಟು ಚಂದ ತಿಂತಾವಲೇ! ಮನಿಷ್ಯಾರಂಗ ಕೈಯಾಗ ಹಿಡ್ಕೊಂಡು!" ಎಂದರು. ಸ್ವಲ್ಪ ಹೊತ್ತಿಗೆ, ಯಾರೋ ಆಕ್ಷೇಪಿಸಿದ ಹಾಗೆ, "ತಿನ್ನಲಿ ಬಿಡು, ಅವುಕ್ಕ ಅದಾ ಊಟ" ಎಂದು ತಾವೇ ಸಮಾಧಾನ ಹೇಳಿಕೊಂಡರು. ನಾನು ನಕ್ಕೆ. ಹೊಳೆಯ ಮೇಲೆ ನಗುವುದು ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು.

ಇನ್ನೊಂದು ಮಾತು ಮುಚ್ಚಿಡಬಹುದಿತ್ತು, ಆದರೆ ಅವ್ವ ಹೇಳಿಯೇ ಹೇಳುತ್ತಾರೆ. ಮಧ್ಯಾಹ್ನ ದೋಣಿ ಕಲ್ಲಿಗೆ ಸಿಕ್ಕಿಕೊಂಡಿತು. ಅಣೆಕಟ್ಟಿನಿಂದ ನೀರು ಕಡಿಮೆ ಬಿಟ್ಟಿದ್ದರು. ಎರಡು ಬಂಡೆಗಳ ನಡುವಿನ ನೀರೋಟದಲ್ಲಿ ಹೊಟ್ಟೆ ತಾಗಿ ಕೂತಿತು. ನಾನು ಹುಟ್ಟು ಊರಿ ಎಷ್ಟು ಮೀಟಿದರೂ ಅಲುಗಲಿಲ್ಲ. ಭಾರ ಇಳಿಯಲಿ ಅಂತ ಅವ್ವನನ್ನು ಕೈಹಿಡಿದು ಪಕ್ಕದ ಬಂಡೆಗೆ ಹತ್ತಿಸಿದೆ. ಅವರು ಕಚ್ಚೆ ಕಟ್ಟಿಕೊಂಡರು, ಬುತ್ತಿ ಗಂಟು ಬಗಲಲ್ಲಿಟ್ಟುಕೊಂಡರು, ಬೇಡ ಬೇಡ ಎಂದರೂ ಬಗ್ಗಿ ದೋಣಿಯ ಹಿಂಬದಿಗೆ ಒಂದು ನೂಕು ನೂಕಿದರು. ಅಷ್ಟೇ ಬೇಕಾಗಿತ್ತು ಅದಕ್ಕೆ. ಬಾಣದ ಹಾಗೆ ಹೋಯಿತು, ನನ್ನನ್ನೂ ಕರೆದುಕೊಂಡು.

ತಿರುಗಿ ನೋಡಿದರೆ ಸುತ್ತ ನೀರು, ನಡುವೆ ಬಂಡೆ, ಬಂಡೆಯ ಮೇಲೆ ನಿಮ್ಮ ಅವ್ವ. ಆಚೆ ದಂಡೆಯ ಮರಳಿನಲ್ಲಿ ಮೊಸಳೆಯೊಂದು ಬಾಯಿ ತೆರೆದು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ನಿಜ ಹೇಳುತ್ತೇನೆ, ಆಗ ನಿಮ್ಮ ಹೆಸರು ಹಿಡಿದು ಜೋರಾಗಿ ಕೂಗಿದೆ. ನೀವಿಲ್ಲ ಎಂಬುದು ಕೂಗಿದ ಮೇಲೆ ನೆನಪಾಯಿತು.

ಸೆಳವು ಸಡಿಲವಾದ ಕಡೆ ದೋಣಿಯನ್ನು ದಂಡೆಗೆ ಎಳೆದು ಕಟ್ಟಿ, ಮೊಸಳೆಯ ದಂಡೆಯನ್ನು ಬಿಟ್ಟು ಈ ಕಡೆಯಿಂದ ಬಂಡೆ ಬಂಡೆ ಹಾರುತ್ತ ಹಿಂದಕ್ಕೆ ಬಂದೆ. ಕೊನೆಗೆ ಎದೆಮಟ್ಟದ ನೀರಿತ್ತು. ಇನ್ನೊಂದು ಹಗ್ಗವನ್ನು ದಂಡೆಯ ಬಂಡೆಗೂ ಸೊಂಟಕ್ಕೂ ಕಟ್ಟಿಕೊಂಡು ದಾಟಿದೆ. ಅವ್ವ ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತ ಕೂತಿದ್ದರು. "ಅಂಜಿಕಿ ಬಂದ್ರ ಹಸಿವಾಗ್ತೈತಿ ನಂಗ. ಬಾ, ನೀನೂ ತಿನ್ನು" ಎಂದು ಅರ್ಧ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟರು. ತಿಂದೆ. ಆಮೇಲೆ ಅವರನ್ನು ಬೆನ್ನಿಗೆ ಹೊತ್ತು, ಹಗ್ಗ ಹಿಡಿದು ದಾಟಿಸಿದೆ. ಭುಜದ ಮೇಲೆ ಬೆರಳುಗಳ ಗುರುತು ಇನ್ನೂ ಇದೆ. ಮೊಸಳೆ ಕಡೆಯವರೆಗೂ ಕದಲಲಿಲ್ಲ.

ಸಂಜೆ ನಡುಗಡ್ಡೆಯ ಚಪ್ಪಟೆ ಬಂಡೆಯ ಮೇಲೆ ಬಿಡಾರ ಮಾಡಿದೆವು. ಮರಳಿನ ಕಡೆ ಹೋಗಲಿಲ್ಲ. ನೆನಪಿದೆಯೇ, ಒಂದು ಸಲ ಅಲ್ಲಿ ಟೆಂಟಿನ ಗೂಟ ಹೊಡೆಯಲು ಹೋಗಿ ಹೊಳೆಯ ರೀವ ಹಕ್ಕಿಗಳು ಮರಳಿನಲ್ಲಿಟ್ಟ ಮೊಟ್ಟೆಗಳ ಮೇಲೆ ಕಾಲಿಟ್ಟೇಬಿಡುತ್ತಿದ್ದಿರಿ? ಬೆಣಚುಕಲ್ಲಿನ ಹಾಗೇ ಇದ್ದವು. ಹಕ್ಕಿಗಳು ನಿಮ್ಮ ತಲೆಗೆ ಕುಕ್ಕಿ ಕುಕ್ಕಿ ಓಡಿಸಿದವು. ಸಾಮಾನೆಲ್ಲ ಹೊತ್ತು ಬೇರೆ ಜಾಗ ಹುಡುಕುವಷ್ಟರಲ್ಲಿ ಅನ್ನ ಸೀದುಹೋಗಿತ್ತು. ಆ ಸೀದ ಅನ್ನವನ್ನು ಮಜ್ಜಿಗೆ ಕಲಸಿ ತಿಂದು, ಇಷ್ಟು ರುಚಿ ಎಲ್ಲೂ ಉಂಡಿಲ್ಲ ಎಂದಿರಿ. ಅವ್ವನಿಗೆ ಇದನ್ನೆಲ್ಲ ಹೇಳಿದೆ. ಇನ್ನೊಂದು ಸಲ ಎದುರಿನ ಗುಂಡುಕಲ್ಲಿನ ಮೇಲೆ ಕೊಂಬಿನ ಗೂಬೆ ಬಂದು ಕೂತದ್ದು, ಅದು ನಮ್ಮನ್ನು ನೋಡುತ್ತಿದೆಯೋ ನಾವು ಅದನ್ನೋ ಎಂದು ಇಬ್ಬರೂ ಕತ್ತಲಾಗುವವರೆಗೆ ಅಲುಗದೆ ಕೂತದ್ದು, ಎಲ್ಲವನ್ನೂ ಹೇಳಿದೆ. ಕಡೆಯ ಸಲದ್ದನ್ನು ಬಿಟ್ಟು.

ಅದನ್ನು ಎತ್ತಿದವರು ಅವ್ವ. ಸೂರ್ಯ ಆಗತಾನೇ ಬಂಡೆಗಳ ಹಿಂದೆ ಇಳಿದಿದ್ದ. ನನ್ನ ಕಡೆ ಬೆನ್ನು ಮಾಡಿ ಬೂದಿ ಹಾಕಿ ಬೋಗುಣಿ ತಿಕ್ಕುತ್ತ, ಅಡುಗೆಯ ಮಾತಿನಷ್ಟೇ ಸರಳವಾಗಿ ಹೇಳಿದರು:

"ಸಿದ್ದೂಗಿಂತ ಮುಂಚೆ ನಂಗೊಂದು ಹೋಗಿತ್ತು. ಐದನೇ ತಿಂಗಳದಾಗ. ನಮ್ಮತ್ತಿ ನನ್ನ ಹೊಸ್ತಿಲಾ ದಾಟಾಕ ಬಿಟ್ಟಿರಲಿಲ್ಲ. ಕೊಡ ಎತ್ತಿರಲಿಲ್ಲ, ಬಗ್ಗಿ ಕಸ ಹೊಡದಿರಲಿಲ್ಲ. ಮಲಗಿದ್ದಲ್ಲೇ ಹೋತು. ಹಂಗಾದ್ರ ಮನಿ ತಪ್ಪೇನು ಅದು? ಹಾಸಿಗಿ ತಪ್ಪೇನು?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ಕೇಳಿರಲಿಲ್ಲ. ಯಾರಿಗೂ ಹೇಳಿಲ್ಲವಂತೆ. ಮಾವನವರೂ ಮತ್ತೆ ಆ ಮಾತು ಎತ್ತಲಿಲ್ಲವಂತೆ.

ರೀ, ಎರಡು ವರ್ಷದ ಹಿಂದೆ ಆ ಫೆಬ್ರವರಿಯಲ್ಲಿ ಕಡೆಯ ಸಲ ಹೊಳೆಗೆ ಹೋದಾಗ ನನಗೆ ನಾಲ್ಕನೇ ತಿಂಗಳು. ಡಾಕ್ಟರರನ್ನು ಕೇಳಿಯೇ ಹೋಗಿದ್ದೆವು. ನನ್ನ ಕೈಗೆ ಹುಟ್ಟು ಸಹ ಕೊಡದೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಕೊಂಡು ಹೋಗಿದ್ದಿರಿ. ಬಂದ ಮೇಲೆ ಕೆಲವು ವಾರಕ್ಕೆ ಹೋಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರರು ನಿಮ್ಮೆದುರೇ ಹೇಳಿದರು, ನೀವೂ ತಲೆಯಾಡಿಸಿದಿರಿ. ಆದರೆ ಮನೆಗೆ ಬಂದವರೇ ಮೊದಲು ಮಾಡಿದ ಕೆಲಸ ದೋಣಿಯನ್ನು ಮಗುಚಿದ್ದು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಈ ವರ್ಷವೂ ಹೋಗೋಣ ಎಂದವಳು ನಾನು, ಇವರಿಗೆ ನನ್ನ ಮೇಲೆ ಸಿಟ್ಟು ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ. ಆಮೇಲೆ ನೀವು ಸುಮ್ಮನಿದ್ದದ್ದು, ಶಿಫ್ಟಿನ ನೆಪ ಹೇಳಿದ್ದು, ರೂಮು ಹಿಡಿದದ್ದು, ದೀಪಾವಳಿಗೆ ಬಂದು ಸಂಜೆಯ ಬಸ್ಸಿಗೇ ಹೊರಟದ್ದು ಎಲ್ಲಕ್ಕೂ ನನ್ನಲ್ಲಿ ಅದೊಂದೇ ಅರ್ಥ. ಬಿಟ್ಟುಹೋದರೆ ಹೋಗಲಿ ಎಂದು ಗಟ್ಟಿಯಾದೆ.

ಇದನ್ನು ಅವ್ವನ ಮುಂದೆ ಹೇಳಿದಾಗ ಅವರು ಬೋಗುಣಿ ಕೆಳಗಿಟ್ಟು ತಿರುಗಿದರು. "ನಿನ್ನ ಮ್ಯಾಲ ಸಿಟ್ಟಾ? ಹುಚ್ಚಿ! ನೀನು ದವಾಖಾನ್ಯಾಗ ಇದ್ದಾಗ ನನ್ನ ತೊಡಿ ಮ್ಯಾಲ ತಲಿ ಇಟ್ಟು ಸಣ್ಣ ಹುಡುಗರಂಗ ಅತ್ತಾನವ. ‘ಬ್ಯಾಡ ಅನ್ನಬೇಕಿತ್ತವ್ವಾ ನಾನು. ಹುಟ್ಟು ಹಾಕಿದಾವ ನಾನು. ಆಕಿ ಮಾರಿ ಹೆಂಗ ನೋಡ್ಲಿ’ ಅಂತಿದ್ದ. ನಿಂಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡ. ಆಣಿ ಮುರದೀನಿ ಇವತ್ತು. ನಡುನೀರಾಗ ಅದೀವಿ, ಹೊಳೆವ್ವನೇ ನೋಡ್ಕೊಳ್ಳಲಿ."

ನಾನು ಅತ್ತುಬಿಟ್ಟೆ. ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ. ಅವ್ವ ಸಮಾಧಾನ ಮಾಡಲು ಬರಲಿಲ್ಲ, ಪಕ್ಕದಲ್ಲಿ ಬಂದು ಕೂತರು. ಇಬ್ಬರೂ ಹೋದವುಗಳನ್ನು ನೆನೆದೆವು. ಅವರದಕ್ಕೆ ಈಗ ಐವತ್ತರ ಹತ್ತಿರ ವಯಸ್ಸಾಗುತ್ತಿತ್ತಂತೆ. ನಮ್ಮದು ಈಗ ಓಡಾಡುತ್ತಿತ್ತು.

ನಾವಿಬ್ಬರೂ ಎಂಥ ಪೆದ್ದರು! ನೀವು ನನ್ನ ಮುಖ ನೋಡಲಾರದೆ ದೂರ ಹೋದಿರಿ. ನೀವು ನೋಡುವುದಿಲ್ಲವೆಂದು ನಾನು ಮುಖ ತಿರುಗಿಸಿಕೊಂಡೆ. ನಿಮ್ಮ ತಪ್ಪಿಲ್ಲ. ಹೊಳೆಯ ತಪ್ಪಿಲ್ಲ. ಇದನ್ನು ನಾನು ಆವತ್ತೇ ನಿಮ್ಮ ಕೈಹಿಡಿದು ಹೇಳುತ್ತಿದ್ದೆ, ನಿಮ್ಮ ಮನಸ್ಸಿನಲ್ಲಿ ಇರುವುದು ಇದೇ ಎಂದು ತಿಳಿದಿದ್ದರೆ. ಈಗ ಹೇಳುತ್ತಿದ್ದೇನೆ.

ಬೆಳಗಿನ ಜಾವ ಅವ್ವ ನನಗಿಂತ ಮೊದಲೇ ಎದ್ದು ಕಂಬಳಿ ಹೊದ್ದು ನೀರಿನ ಕಡೆ ನೋಡುತ್ತ ಕೂತಿದ್ದರು. ಮಂಜಿನಲ್ಲಿ ಕೊಕ್ಕು ಬಾಗಿದ ಕೆಂಬರಲು ಹಕ್ಕಿಗಳು ಸಾಲಾಗಿ ಹಾರಿಹೋದವು. ನಾನು ಚಹಾ ಕೊಟ್ಟರೆ, "ಯಾಕ ಬರ್ತಿದ್ರಿ ಅಂತ ತಿಳೀತು ಬಿಡು" ಎಂದರು. ಏನು ತಿಳಿಯಿತು ಎಂದು ನಾನು ಕೇಳಲಿಲ್ಲ.

ಕಂಪ್ಲಿ ಸೇತುವೆಯ ಕೆಳಗೆ ಬಂದು ಮುಟ್ಟಿದಾಗ ಬಟ್ಟೆ ಒಗೆಯುತ್ತಿದ್ದವರೆಲ್ಲ ಎದ್ದು ನಿಂತರು. "ಕೊಟ್ರಮ್ಮ, ಈ ವಯಸ್ಸಿನಾಗ ಇದೇನ್ರಿ?" ಎಂದು ಯಾರೋ ಕೂಗಿದರು. ಅವ್ವ ಮಹಾರಾಣಿಯ ಹಾಗೆ ನೆಟ್ಟಗೆ ಕೂತು, "ನೀನೂ ಬಾ, ಮುಂದಿನ ವರ್ಷ ಕರ್ಕೊಂಡ್ ಹೋಗ್ತೀವಿ" ಎಂದರು. ಓಣಿಯಲ್ಲಿ ಈಗ ಇದೇ ಮಾತು. ಮೊಸಳೆ ದಿನದಿನಕ್ಕೂ ಉದ್ದವಾಗುತ್ತಿದೆ.

ರೆಸಾರ್ಟಿನವರು ಗುರುವಾರ ಬಂದಿದ್ದರು. ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ನಿಮ್ಮನ್ನು ಕೇಳದೆ ಹೇಳಿದೆ, ಬೈಯುವುದಾದರೆ ಬೈಯಿರಿ. ಬೈಗುಳವಾದರೂ "ಊಟ ಆಯ್ತಾ"ಗಿಂತ ಮೇಲು.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಮೈ ನೋಡಿಕೊಳ್ಳಿ.

ನಿಮ್ಮ
ಗಂಗಾಂಬಿಕಾ

ಮರೆತ ಮಾತು: ಇದನ್ನು ತೋರಣಗಲ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಮಂಗಳವಾರ. ಕಾಗದವನ್ನು ಅಂಚೆಗೆ ಹಾಕಲಿಲ್ಲ. ಇವತ್ತು ನಿಮಗೆ ವಾರದ ರಜೆ ಅಂತ ಅವ್ವ ಉಪಾಯವಾಗಿ ಕೇಳಿ ತಿಳಿದುಕೊಂಡರು, ನಾನು ಶಾಲೆಗೆ ರಜೆ ಹಾಕಿದೆ. ಕಾಗದ ನಿಮ್ಮ ಕೈಗೆ ಕೊಟ್ಟವರು ಅವರೇ ಆದ್ದರಿಂದ ಈಗ ನಿಮ್ಮೆದುರೇ ಕೂತಿರುತ್ತಾರೆ. ಬಿಸಿಲಿನಲ್ಲಿ ಬಂದಿದ್ದಾರೆ, ಮೊದಲು ಕುಡಿಯಲು ನೀರು ಕೊಡಿ. ನಾನು ನಿಮ್ಮ ಬಿಲ್ಡಿಂಗಿನ ಎದುರು, ರಸ್ತೆಯಾಚೆಯ ಚಹಾದ ಅಂಗಡಿಯ ಬೆಂಚಿನ ಮೇಲಿದ್ದೇನೆ. ಮೆಟ್ಟಿಲ ತನಕ ಬಂದೆ, ಹತ್ತಲು ಕಾಲು ಬರಲಿಲ್ಲ. ಕಿಟಕಿಯಿಂದ ಬಗ್ಗಿದರೆ ಕಾಣುತ್ತೇನೆ. ಇಳಿದು ಬರುವುದಾದರೆ ಅವಸರದಲ್ಲಿ ಬರಿಗಾಲಲ್ಲಿ ಬರಬೇಡಿ, ಚಪ್ಪಲಿ ಹಾಕಿಕೊಳ್ಳಿ. ನೆಲ ಕಾದಿದೆ.